ಮೀನಿನ ತೊಟ್ಟಿಗೆ ಮರ ಹಾಕುವ ಮೊದಲು ನಿಮ್ಮ ಬಾವಿ ನೀರು ನೋಡಿ

ಮಳೆ ಬಿಟ್ಟು ಕಡಲು ತಣ್ಣಗಾದ ಕೂಡಲೇ ನನ್ನ ವಾಟ್ಸಾಪ್‌ಗೆ ಮರದ ತುಂಡುಗಳ ಫೋಟೋ ಬರಲು ಶುರುವಾಗುತ್ತದೆ. ತಣ್ಣೀರುಬಾವಿಯಲ್ಲಿ ಸಿಕ್ಕಿದ್ದು, ಸಸಿಹಿತ್ಲಿನಲ್ಲಿ ಸಿಕ್ಕಿದ್ದು, ಕಾಪುವಿನ ಬಂಡೆಗಳ ನಡುವೆ ಸಿಕ್ಕಿದ್ದು. ಕೇಳುವುದು ಒಂದೇ: “ಇದನ್ನು ಟ್ಯಾಂಕಿಗೆ ಹಾಕಬಹುದಾ ಮಾರಾಯ್ರೆ? ಎಷ್ಟು ಹೊತ್ತು ಕುದಿಸಬೇಕು?”

ಮಂಗಳೂರು, ಉಡುಪಿ ಕಡೆಯ ಮನೆಗಳಲ್ಲಿ, ಕ್ಲಿನಿಕ್‌ಗಳಲ್ಲಿ ಅಕ್ವೇರಿಯಂ ಕೂರಿಸಿ ನೋಡಿಕೊಳ್ಳುವುದು ನನ್ನ ಕೆಲಸ. ಈ ಪ್ರಶ್ನೆ ಬಂದರೆ ನಾನು ತಿರುಗಿ ಎರಡು ಪ್ರಶ್ನೆ ಕೇಳುತ್ತೇನೆ. ಮರ ಎಲ್ಲಿಯದ್ದು? ನಿಮ್ಮ ಮನೆಯ ನೀರು ಎಲ್ಲಿಯದ್ದು? ಎರಡನೆಯದು ಯಾಕೆ ಅಂತ ಹೆಚ್ಚಿನವರಿಗೆ ಗೊತ್ತಾಗುವುದಿಲ್ಲ. ಡ್ರಿಫ್ಟ್‌ವುಡ್ ಹಾಕಿದಾಗ ನೀರು ಚಹಾ ಬಣ್ಣಕ್ಕೆ ತಿರುಗುತ್ತದೆ, ಜನ ಅದಕ್ಕೇ ಹೆದರುತ್ತಾರೆ. ಬಣ್ಣದಿಂದ ಮೀನು ಸಾಯುವುದಿಲ್ಲ. ನಮ್ಮೂರಿನ ಮೆದು ನೀರಿಗೆ, ಅಂದರೆ ಸುಣ್ಣದ ಅಂಶ ಕಡಿಮೆ ಇರುವ ನೀರಿಗೆ, ಮರ ಸೇರಿದಾಗ ಪಿಎಚ್ (ನೀರಿನ ಹುಳಿ ತೋರಿಸುವ ಅಂಕಿ, 7ಕ್ಕಿಂತ ಇಳಿದಷ್ಟೂ ಹುಳಿ ಜಾಸ್ತಿ) ಕುಸಿಯುತ್ತದೆ, ಅದು ಕಣ್ಣಿಗೆ ಕಾಣುವುದಿಲ್ಲ. ಮೀನು ಸಾಯುವುದು ಅದರಿಂದ.

ಮೊದಲು ಮರದ ವಿಷಯ. ಕಡಲ ಬದಿಯಲ್ಲಿ ಸಿಗುವ ತುಂಡು ನೋಡಲು ಬಹಳ ಚಂದ. ತೊಗಟೆ ಇಲ್ಲ, ಬೂದಿ ಬಣ್ಣ, ಅಂಚೆಲ್ಲ ನುಣುಪು. ಆದರೆ ಒಂದು ಲೀಟರ್ ಸಮುದ್ರದ ನೀರಿನಲ್ಲಿ ಸುಮಾರು 35 ಗ್ರಾಂ ಉಪ್ಪು ಇರುತ್ತದೆ. ತಿಂಗಳುಗಟ್ಟಲೆ ಅದರಲ್ಲಿ ತೇಲಿದ ಮರದ ಒಳಗಿನ ತನಕ ಉಪ್ಪು ಇಳಿದಿರುತ್ತದೆ. ಒಂದು ಸಲ ಕುದಿಸಿದರೆ ಹೊರಗಿನ ಪದರದ್ದು ಹೋಗುತ್ತದೆ, ಒಳಗಿನದ್ದು ಹೋಗುವುದಿಲ್ಲ. ಅದಕ್ಕೆ ನೆನೆಹಾಕಿ, ನೀರು ಬದಲಿಸಿ, ಮತ್ತೆ ನೆನೆಹಾಕುವುದೊಂದೇ ದಾರಿ.

ಉಪ್ಪು ಹೋಯಿತಾ ಅಂತ ನೋಡಲು ಪೆನ್ನಿನ ಹಾಗಿರುವ ಟಿಡಿಎಸ್ ಮೀಟರ್ ಸಾಕು. ವಾಟರ್ ಫಿಲ್ಟರ್ ರಿಪೇರಿಗೆ ಬರುವವರ ಕೈಯಲ್ಲಿ ಇರುತ್ತದಲ್ಲ, ಅದೇ. ನಿಮ್ಮ ಬಾವಿ ನೀರು 60 ತೋರಿಸುತ್ತದೆ ಅಂತ ಇಟ್ಟುಕೊಳ್ಳಿ. ಎರಡು ದಿನ ಮರ ನೆನೆದ ಮೇಲೆ ಅದೇ ನೀರು 400 ತೋರಿಸಿದರೆ ಉಪ್ಪು ಇನ್ನೂ ಬಿಡುತ್ತಿದೆ ಎಂದರ್ಥ. ಎರಡು ಅಂಕಿಗಳ ನಡುವೆ ವ್ಯತ್ಯಾಸ ಇಲ್ಲ ಅನ್ನುವಷ್ಟು ಕಡಿಮೆ ಆಗುವ ತನಕ ನೀರು ಬದಲಿಸುತ್ತಲೇ ಇರಬೇಕು. ದಪ್ಪ ತುಂಡಿಗೆ ತಿಂಗಳುಗಳೇ ಬೇಕಾಗಬಹುದು. ಅಷ್ಟು ತಾಳ್ಮೆ ಇಲ್ಲದಿದ್ದರೆ ಕಡಲಿನ ಮರ ಬೇಡ.

ದಕ್ಕೆಯ (ಮೀನುಗಾರಿಕೆ ಬಂದರಿನ) ಹತ್ತಿರ ಸಿಗುವ ಮರವನ್ನು ನಾನು ಮುಟ್ಟುವುದೇ ಇಲ್ಲ. ಮಲ್ಪೆಯಾಗಲಿ ಮಂಗಳೂರಾಗಲಿ, ಅಲ್ಲಿ ನೀರಿನ ಮೇಲೆ ಡೀಸೆಲ್ ಇರುತ್ತದೆ. ಹಳೇ ದೋಣಿಯ ಹಲಗೆ ಅಂತೂ ಬೇಡವೇ ಬೇಡ. ದೋಣಿಯ ತಳಕ್ಕೆ ಚಿಪ್ಪುಜೀವಿಗಳು ಅಂಟದ ಹಾಗೆ ಬಳಿಯುವ ಪೇಂಟ್‌ಗಳಲ್ಲಿ ತಾಮ್ರ ಇರುತ್ತದೆ. ಸಿಗಡಿ, ಬಸವನಹುಳುಗಳಿಗೆ ಸ್ವಲ್ಪ ತಾಮ್ರವೂ ವಿಷ.

ಹೊಳೆಯ ಮರ ಇದಕ್ಕಿಂತ ವಾಸಿ. ಬೇಸಗೆಯಲ್ಲಿ ನೇತ್ರಾವತಿ, ಸ್ವರ್ಣಾ, ಸೀತಾ ನದಿಗಳು ಬತ್ತಿ ಮರಳದಿಣ್ಣೆ ಎದ್ದಾಗ ದಡದಲ್ಲಿ ಒಳ್ಳೆಯ ಬೇರು, ಕೊಂಬೆ ಸಿಗುತ್ತವೆ. ಕಡಲಿನಿಂದ ದೂರ, ಉಪ್ಪುನೀರು ಏರಿ ಬರುವ ಜಾಗಕ್ಕಿಂತ ಮೇಲೆ ಹುಡುಕಬೇಕು. ಆದರೆ ಅಭಯಾರಣ್ಯ, ರಾಷ್ಟ್ರೀಯ ಉದ್ಯಾನದ ಒಳಗಿನಿಂದ ಬಿದ್ದ ಕೊಂಬೆಯನ್ನೂ ತರುವ ಹಾಗಿಲ್ಲ. ಸೋಮೇಶ್ವರ, ಕುದುರೆಮುಖದ ಕಡೆ ತಿರುಗಾಡಲು ಹೋದಾಗ ಇದು ನೆನಪಿರಲಿ. ಕಾಂಡ್ಲಾ (ಮ್ಯಾಂಗ್ರೋವ್) ಬೇರುಗಳ ಆಕಾರ ನೋಡಿ ಆಸೆ ಆಗುವುದು ಸಹಜ. ದಯವಿಟ್ಟು ಕಡಿಯಬೇಡಿ. ಹೊಳೆಬಾಯಿಯಲ್ಲಿ ಮೀನು, ಸಿಗಡಿಯ ಮರಿಗಳು ಬೆಳೆಯುವುದೇ ಆ ಬೇರುಗಳ ಸಂದಿಯಲ್ಲಿ. ಮನೆಯ ತೊಟ್ಟಿಯ ಅಂದಕ್ಕಾಗಿ ಅದನ್ನು ಕಡಿಯುವುದು ನನಗೆ ಸಂಕಟ ತರುತ್ತದೆ.

ಮನೆಯ ಹಿತ್ತಲಿನ ಮರವೂ ಆಗುತ್ತದೆ. ಪೇರಳೆ, ಹುಣಸೆ ನನಗೆ ಇಷ್ಟ. ಗಟ್ಟಿ ಮರ, ಕೊಂಬೆಯ ತಿರುವು ಚಂದ. ಹಸಿ ಕೊಂಬೆ ಬೇಡ. ಪೂರ್ತಿ ಒಣಗಿರಬೇಕು. ನಮ್ಮ ಊರಿನಲ್ಲಿ ಜೂನ್ ಬಂದರೆ ಏನೂ ಒಣಗುವುದಿಲ್ಲ, ಬೂಸ್ಟು ಹಿಡಿಯುತ್ತದೆ ಅಷ್ಟೆ. ಹಾಗಾಗಿ ಮಳೆ ನಿಂತ ಮೇಲೆ ಕಡಿದು ಮೇ ತನಕ ತಾರಸಿಯ ಬಿಸಿಲಿನಲ್ಲಿ ಇಡಿ. ಹಾಲು, ಸೊನೆ ಬರುವ ಮರಗಳನ್ನು ಬಿಟ್ಟುಬಿಡಿ: ಗೇರು, ಹಲಸು, ರಬ್ಬರ್, ಪಾಲೆ. ಕಾಸರಕ, ಕಣಗಿಲೆ ವಿಷದ ಗಿಡಗಳು, ಹತ್ತಿರವೂ ತರಬೇಡಿ. ಯಾವ ಮರ ಅಂತ ಗುರುತು ಸಿಗದ ಹಸಿ ಕೊಂಬೆಯೂ ಬೇಡ.

ಅಂಗಡಿಯಲ್ಲಿ ಕೊಳ್ಳುವವರಿಗೆ ಒಂದು ಮಾತು. ಆಫ್ರಿಕಾದ ಮೊಪಾನಿ ಮರ ಭಾರ ಜಾಸ್ತಿ, ಸಾಮಾನ್ಯವಾಗಿ ಹಾಕಿದ ಕೂಡಲೇ ಮುಳುಗುತ್ತದೆ, ಆದರೆ ಬಣ್ಣ ಬಹಳ ಬಿಡುತ್ತದೆ. ಸ್ಪೈಡರ್‌ವುಡ್ ಬಣ್ಣ ಕಡಿಮೆ ಬಿಡುತ್ತದೆ, ಆದರೆ ವಾರಗಟ್ಟಲೆ ತೇಲುತ್ತದೆ. ಅಂಗಡಿಯದ್ದು ಅಂದ ಮಾತ್ರಕ್ಕೆ ನೇರವಾಗಿ ತೊಟ್ಟಿಗೆ ಹಾಕಬೇಡಿ. ಮುಂದೆ ಹೇಳುವ ಕೆಲಸ ಅದಕ್ಕೂ ಆಗಬೇಕು.

ಒಣ ಮರವನ್ನು ಮೊದಲು ಉಗುರಿನಿಂದ ಒತ್ತಿ ನೋಡಿ. ಉಗುರು ಒಳಗೆ ಹೋದರೆ ಅದು ಕೊಳೆಯಲು ಶುರುವಾದ ಮರ. ಚಾಕುವಿನಿಂದ ಆ ಭಾಗ ಕೆರೆದು ಗಟ್ಟಿ ಮರ ಸಿಗುವ ತನಕ ಹೋಗಿ. ತೊಗಟೆ ಪೂರ್ತಿ ತೆಗೆಯಿರಿ, ಯಾಕೆಂದರೆ ನೀರಿನಲ್ಲಿ ಮೊದಲು ಕೊಳೆಯುವುದು ಅದೇ. ಆಮೇಲೆ ಗಡುಸು ಬ್ರಶ್‌ನಿಂದ ಬರೀ ನೀರು ಹಾಕಿ ತಿಕ್ಕಿ. ಸೋಪು, ಫಿನಾಯಿಲ್, ಪಾತ್ರೆ ತೊಳೆಯುವ ಲಿಕ್ವಿಡ್ ಯಾವುದೂ ಬೇಡ. ಮರ ಅದನ್ನು ಹೀರಿಕೊಂಡು ಆಮೇಲೆ ನಿಧಾನವಾಗಿ ತೊಟ್ಟಿಗೆ ಬಿಡುತ್ತದೆ.

ಇನ್ನು ಕುದಿಸುವುದು. ನಮ್ಮ ಕಡೆ ಎಲ್ಲರಿಗೂ ಮೊದಲು ನೆನಪಾಗುವುದು ಬಚ್ಚಲಿನ ಹಂಡೆ. ದೊಡ್ಡದು, ಕೆಳಗೆ ಒಲೆ ಉಂಟು, ಸುಮ್ನೆ ಗ್ಯಾಸ್ ಖರ್ಚು ಯಾಕೆ ಅಂತ. ಆದರೆ ಅದು ತಾಮ್ರದ ಹಂಡೆಯಾದರೆ ಬೇಡ. ಮರದಿಂದ ಬಿಡುವ ಟ್ಯಾನಿನ್, ಅಂದರೆ ನೀರಿಗೆ ಚಹಾ ಬಣ್ಣ ಕೊಡುವ ಅಂಶ, ಹುಳಿ ಗುಣದ್ದು. ಅದು ತಾಮ್ರವನ್ನು ಕರಗಿಸಿಕೊಳ್ಳುತ್ತದೆ, ಮರ ಅದನ್ನು ಹೀರುತ್ತದೆ. ಸ್ಟೀಲ್ ಪಾತ್ರೆಯೇ ಆಗಬೇಕು, ಆಮೇಲೆ ಅದನ್ನು ಅಡುಗೆಗೆ ಬಳಸಬೇಡಿ. ಕುಕ್ಕರ್‌ನಲ್ಲಿ ಮುಚ್ಚಿ ಬೇಯಿಸುವುದೂ ಬೇಡ, ಚೂರು ಸಿಕ್ಕಿ ಸೀಟಿಯ ತೂತು ಕಟ್ಟಿದರೆ ಅಪಾಯ.

ಸಣ್ಣ ತುಂಡಿಗೆ ಒಂದು ಗಂಟೆ, ದಪ್ಪದ್ದಕ್ಕೆ ಎರಡು ಗಂಟೆ. ನೀರು ಚೆಲ್ಲಿ ಮತ್ತೆ ಕುದಿಸಿ. ಹುಳು, ಮೊಟ್ಟೆ, ಬೂಸ್ಟು ಸಾಯುತ್ತವೆ, ಬಣ್ಣ ಸಾಕಷ್ಟು ಇಳಿಯುತ್ತದೆ, ಒಳಗಿನ ಗಾಳಿ ಹೊರಗೆ ಬರುತ್ತದೆ. ಕುದಿಸುವುದರಿಂದ ಆಗುವುದು ಇಷ್ಟೆ. ವಿಷದ ಮರ ಒಳ್ಳೆಯದಾಗುವುದಿಲ್ಲ, ಡೀಸೆಲ್ ಹೋಗುವುದಿಲ್ಲ. ಇಡೀ ದಿನ ಕುದಿಸಿದರೆ ಮರವೇ ಮೆತ್ತಗಾಗಿ ಎಳೆ ಬಿಡಲು ಶುರುವಾಗುತ್ತದೆ. ಪಾತ್ರೆಗೆ ಹಿಡಿಸದ ದೊಡ್ಡ ಬೇರಿನ ಮೇಲೆ ಕುದಿಯುವ ನೀರನ್ನು ನಾಲ್ಕೈದು ಸಲ ಹೊಯ್ದರೂ ಸಾಕು, ಉಳಿದದ್ದನ್ನು ನೆನೆಸುವುದು ಮಾಡುತ್ತದೆ.

ನೆನೆಹಾಕಲು ಡ್ರಮ್ ಅಥವಾ ಟಬ್ ಸಾಕು. ಮರ ತೇಲುವುದು ಒಳಗಿನ ಸಣ್ಣ ಸಣ್ಣ ಕೋಶಗಳಲ್ಲಿ ಗಾಳಿ ಇರುವುದರಿಂದ. ಮರದ ಗಟ್ಟಿ ಅಂಶ ನೀರಿಗಿಂತ ಸುಮಾರು ಒಂದೂವರೆ ಪಟ್ಟು ಭಾರ. ಗಾಳಿಯ ಜಾಗಕ್ಕೆ ನೀರು ತುಂಬಿದರೆ ತಾನಾಗಿ ಮುಳುಗುತ್ತದೆ. ಮೇಲೆ ಕಲ್ಲು ಹೇರಿ ಪೂರ್ತಿ ಮುಳುಗಿಸಿಯೇ ಇಡಿ. ಎರಡು ಮೂರು ದಿನಕ್ಕೊಮ್ಮೆ ನೀರು ಚೆಲ್ಲಲೇಬೇಕು, ಮೇಲೆ ಸೊಳ್ಳೆ ಬಲೆ ಕಟ್ಟಬೇಕು. ಮಲೇರಿಯಾ, ಡೆಂಗಿ ನಮ್ಮೂರಿಗೆ ಹೊಸದಲ್ಲ. ಒಂದು ವಾರ ಅಲುಗಾಡದೆ ನಿಂತ ನೀರು ಸೊಳ್ಳೆ ಹುಟ್ಟಲು ಸಾಕು. ಪಕ್ಕದ ಮನೆಯ ಮಕ್ಕಳಿಗೆ ಜ್ವರ ಬರಿಸಿ ನಾವು ಮೀನು ಸಾಕುವುದು ಬೇಡ.

ತೇಲುವುದು ನಿಲ್ಲದಿದ್ದರೆ ಮರದ ಅಡಿಗೆ ಕಲ್ಲಿನ ತುಂಡು ಕಟ್ಟಿ ಅಥವಾ ಸ್ಟೇನ್‌ಲೆಸ್ ಸ್ಕ್ರೂ ಹಾಕಿ ಬಿಗಿಯಿರಿ. ಅಡುಗೆಮನೆಗೆ ಹಾಕಿ ಉಳಿದ ಗ್ರಾನೈಟ್ ಒಳ್ಳೆಯದು. ಕಡಪ ಕಲ್ಲು ಸುಣ್ಣದ ಕಲ್ಲು. ಲಿಂಬೆರಸ ಹಾಕಿದರೆ ಗುಳ್ಳೆ ಏಳುತ್ತದೆ, ನೋಡಿ. ಅದು ನೀರನ್ನು ನಿಧಾನವಾಗಿ ಗಡುಸು ಮಾಡುತ್ತದೆ.

ಈಗ ನೀರಿನ ವಿಷಯ. ಮುರಕಲ್ಲಿನ (ಜಂಬಿಟ್ಟಿಗೆಯ) ನೆಲದ ಬಾವಿ ನೀರು ಸಾಮಾನ್ಯವಾಗಿ ಬಹಳ ಮೆದು. ಪಿಎಚ್ ಎಷ್ಟೋ ಕಡೆ 7ಕ್ಕಿಂತ ಕೆಳಗೇ ಇರುತ್ತದೆ. ಬಟ್ಟೆ ಒಗೆದರೆ ನೊರೆ ಚೆನ್ನಾಗಿ ಬರುವುದು ನೀರು ಮೆದು ಇರುವುದರಿಂದಲೇ. ಇಂಥ ನೀರಿನಲ್ಲಿ ಹುಳಿಯನ್ನು ತಡೆದುಕೊಳ್ಳುವ ಕಾರ್ಬೊನೇಟ್ ಕಡಿಮೆ. ಅದನ್ನು ಅಳೆಯುವುದಕ್ಕೆ ಕೆಎಚ್ ಎನ್ನುತ್ತೇವೆ. ಒಂದು ಡಿಗ್ರಿ ಕೆಎಚ್ ಅಂದರೆ ಲೀಟರ್‌ಗೆ ಸುಮಾರು 18 ಮಿಲಿಗ್ರಾಂ ಕ್ಯಾಲ್ಸಿಯಂ ಕಾರ್ಬೊನೇಟ್‌ಗೆ ಸಮ. ಮರದ ಟ್ಯಾನಿನ್ ಅದನ್ನು ಸ್ವಲ್ಪ ಸ್ವಲ್ಪ ತಿನ್ನುತ್ತದೆ. ಮೀನಿನ ಹೊಲಸನ್ನು ಸರಿಮಾಡುವ ಫಿಲ್ಟರ್ ಬ್ಯಾಕ್ಟೀರಿಯಾವೂ ಅದನ್ನೇ ತಿನ್ನುತ್ತದೆ. ಎರಡೂ ಸೇರಿ ಖಾಲಿಯಾದ ದಿನ ಪಿಎಚ್ ಒಮ್ಮೆಲೇ ಇಳಿಯುತ್ತದೆ.

“ನೀರು ಕನ್ನಡಿ ಹಾಗೆ ಉಂಟು, ಆದರೂ ಮೀನು ಸಾಯ್ತಾ ಉಂಟಲ್ಲ ಅಣ್ಣಾ” ಅಂತ ಒಬ್ಬರು ಅಕ್ಕ ಕರೆದಿದ್ದರು. ದೊಡ್ಡ ಮರ, ತುಂಬಾ ಚೆನ್ನಾಗಿ ಕುದಿಸಿದ್ದರು, ಬಣ್ಣವೇ ಇಲ್ಲ. ಪರೀಕ್ಷೆ ಮಾಡಿದರೆ ಕೆಎಚ್ ಸೊನ್ನೆ, ಪಿಎಚ್ 6ಕ್ಕಿಂತ ಕೆಳಗೆ. ಪಿಎಚ್ ಅಷ್ಟು ಇಳಿದರೆ ಫಿಲ್ಟರ್ ಬ್ಯಾಕ್ಟೀರಿಯಾ ಹೆಚ್ಚುಕಡಿಮೆ ಕೆಲಸ ನಿಲ್ಲಿಸುತ್ತದೆ. ಮೀನಿನ ಹೊಲಸಿನಿಂದ ಬರುವ ಅಮೋನಿಯಾ ಆಗ ಅಮೋನಿಯಂ ರೂಪದಲ್ಲಿ ಒಟ್ಟಾಗುತ್ತಾ ಹೋಗುತ್ತದೆ. ಆ ರೂಪದಲ್ಲಿ ವಿಷ ಕಡಿಮೆ. ಪರೀಕ್ಷೆಯ ಅಂಕಿ ಕೇಳಿ ಅವರು ಗಾಬರಿಯಾಗಿ ಅರ್ಧ ತೊಟ್ಟಿಯ ನೀರು ತೆಗೆದು ನಲ್ಲಿ ನೀರು ಹಾಕಿದರು. ಪಿಎಚ್ ಏರಿತು, ಅಮೋನಿಯಂ ಮತ್ತೆ ಅಮೋನಿಯಾ ಆಯಿತು. ಉಳಿದ ಮೀನು ಸತ್ತದ್ದು ಆಗ.

ಹಾಗಾಗಿ ಮರ ಹಾಕುವ ಮೊದಲು ಹನಿ ಹಾಕಿ ನೋಡುವ ಕೆಎಚ್ ಕಿಟ್ ತಂದುಕೊಳ್ಳಿ. ಸಾಮಾನ್ಯ ಕಿಟ್‌ಗಳಲ್ಲಿ ಒಂದು ಹನಿಗೆ ಒಂದು ಡಿಗ್ರಿ. ನಾನು 3ರಿಂದ 4 ಡಿಗ್ರಿ ಇರುವ ಹಾಗೆ ನೋಡಿಕೊಳ್ಳುತ್ತೇನೆ. ಕಡಿಮೆ ಇದ್ದರೆ ಊಟಕ್ಕೆ ತಂದ ಮರುವಾಯಿಯ (ಕಪ್ಪೆಚಿಪ್ಪಿನ ಜಾತಿ) ಚಿಪ್ಪು ಎಸೆಯಬೇಡಿ. ತಿಕ್ಕಿ ತೊಳೆದು, ಕುದಿಸಿ, ಒಣಗಿಸಿ, ಒಡೆದು, ಒಂದು ಹಿಡಿ ಬಲೆಯ ಚೀಲದಲ್ಲಿ ಹಾಕಿ ಫಿಲ್ಟರ್‌ನಲ್ಲಿಡಿ. ನೀರು ಹುಳಿಯಾದಷ್ಟೂ ಚಿಪ್ಪು ಕರಗುತ್ತದೆ. ದುಡ್ಡು ಕೊಟ್ಟು ತರುವ ಹವಳದ ಚೂರು ಮಾಡುವ ಕೆಲಸವನ್ನೇ ಇದೂ ಮಾಡುತ್ತದೆ. ತುಂಬೆ ಅಥವಾ ಬಜೆ ಅಣೆಕಟ್ಟಿನ ನಲ್ಲಿ ನೀರು ಬಳಸುವವರು ಕ್ಲೋರಿನ್ ತೆಗೆಯುವುದನ್ನೂ ಮರೆಯಬಾರದು.

ಎಲ್ಲ ಮೀನಿಗೂ ಮರ ಹಿತವಲ್ಲ. ಟೆಟ್ರಾ, ಬೆಟ್ಟಾ, ಗುರಾಮಿಗೆ ಸ್ವಲ್ಪ ಕಂದು ನೀರು ಇಷ್ಟ. ಬ್ರಿಸಲ್‌ನೋಸ್ ಮೀನು ಮರವನ್ನು ಕೆರೆಯುತ್ತಲೇ ಇರುತ್ತದೆ. ಮೋಲಿ, ಗಪ್ಪಿ, ಮಲಾವಿ ಸರೋವರದ ಸಿಕ್ಲಿಡ್‌ಗಳಿಗೆ ಗಡುಸು ನೀರು ಬೇಕು. ಅವುಗಳ ತೊಟ್ಟಿಗೆ ನಾನು ದೊಡ್ಡ ಮರ ಹಾಕುವುದಿಲ್ಲ.

ಮರ ಇಳಿಸಿದ ಕೆಲವು ದಿನಕ್ಕೆ ಅದರ ಮೇಲೆ ಬಿಳಿ ಲೋಳೆ ಬರುತ್ತದೆ. ಹೆದರಬೇಡಿ. ಮರದಲ್ಲಿ ಉಳಿದ ಸಕ್ಕರೆ ಅಂಶವನ್ನು ತಿನ್ನುವ ಬೂಸ್ಟು, ಬ್ಯಾಕ್ಟೀರಿಯಾ ಅದು. ಬಸವನಹುಳು, ಸಿಗಡಿ ಇದ್ದರೆ ತಿಂದು ಮುಗಿಸುತ್ತವೆ, ಇಲ್ಲದಿದ್ದರೆ ಹಳೇ ಟೂತ್‌ಬ್ರಶ್‌ನಿಂದ ತೆಗೆಯಿರಿ. ಕೆಲವು ವಾರಗಳಲ್ಲಿ ತಾನಾಗಿ ನಿಲ್ಲುತ್ತದೆ. ಆದರೆ ಮರ ಎತ್ತಿ ಮೂಸಿದಾಗ ಕೊಳೆತ ಮೊಟ್ಟೆಯ ವಾಸನೆ ಬಂದರೆ ಒಳಗೆ ಕೊಳೆಯುತ್ತಿದೆ ಎಂದರ್ಥ. ಅದನ್ನು ಮತ್ತೆ ಕುದಿಸಿ ಉಳಿಸಲು ನೋಡಬೇಡಿ, ಎಸೆಯಿರಿ.

ಜೂನ್‌ನಲ್ಲಿ ಬಾವಿ ತುಂಬಿದ ಮೇಲೆ ಕೆಎಚ್ ಇನ್ನೊಮ್ಮೆ ನೋಡಿ. ಹೊಸ ಮಳೆ ನೀರು ಸೇರಿ ಬಾವಿ ನೀರು ಮತ್ತಷ್ಟು ಮೆದುವಾಗಿರುತ್ತದೆ. ಕಡಲ ಬದಿಯ ಮನೆಗಳಲ್ಲಿ ಏಪ್ರಿಲ್, ಮೇ ಹೊತ್ತಿಗೆ ಉಪ್ಪಾಗಿದ್ದ ಬಾವಿಯೂ ಆಗ ಸಿಹಿಯಾಗಿರುತ್ತದೆ. ಮರುವಾಯಿ ಚಿಪ್ಪು ಕರಗಿ ತೆಳುವಾಗಿದ್ದರೆ ಹೊಸದು ಹಾಕಿ, ಮಳೆಗಾಲ ಮುಗಿಯುವ ತನಕ ವಾರಕ್ಕೊಮ್ಮೆ ಅಳೆಯಿರಿ, ನೀರು ಬದಲಿಸುವಾಗ ಒಂದು ಸಲಕ್ಕೆ ಕಾಲು ಭಾಗಕ್ಕಿಂತ ಜಾಸ್ತಿ ಬದಲಿಸಬೇಡಿ.