ಮಂಗೋಲಿಯಾದ ಸಾಂಪ್ರದಾಯಿಕ ವೈದ್ಯ ಮತ್ತು ಅದರ ವೈಜ್ಞಾನಿಕ ಪರೀಕ್ಷೆ: ಒಂದು ಅಧ್ಯಯನ ಟಿಪ್ಪಣಿ

ಮಂಗೋಲಿಯಾದ ಸಾಂಪ್ರದಾಯಿಕ ವೈದ್ಯದ ಮೇಲೆ ನಡೆದಿರುವ ಸಂಶೋಧನೆಗಳನ್ನು ಓದುವವರು ಮೂರು ಬಗೆಯ ಕೆಲಸಗಳನ್ನು ಬೇರೆಬೇರೆಯಾಗಿ ನೋಡಲು ಕಲಿಯಬೇಕು. ಒಂದು ಬೇರಿನಲ್ಲಿ ಇಂಥ ರಾಸಾಯನಿಕ ಇದೆ ಎಂದು ಕಂಡುಹಿಡಿಯುವುದು ಒಂದು ಕೆಲಸ. ಆ ರಾಸಾಯನಿಕ ಜೀವಕೋಶದ ಮೇಲೆ ಅಥವಾ ಇಲಿಯ ಅಂಗದ ಮೇಲೆ ಹೇಗೆ ವರ್ತಿಸುತ್ತದೆ ಎಂದು ತಿಳಿಯುವುದು ಎರಡನೆಯದು. ಆ ಔಷಧವನ್ನು ತೆಗೆದುಕೊಂಡ ರೋಗಿಗಳು ತೆಗೆದುಕೊಳ್ಳದವರಿಗಿಂತ ನಿಜವಾಗಿಯೂ ಹೆಚ್ಚು ಗುಣ ಹೊಂದಿದರೇ ಎಂದು ಪರೀಕ್ಷಿಸುವುದು ಮೂರನೆಯದು. ಈ ಕ್ಷೇತ್ರದಲ್ಲಿ ಮೊದಲ ಎರಡು ಬಗೆಯ ಕೆಲಸ ಹೇರಳವಾಗಿದೆ, ಮೂರನೆಯದು ವಿರಳ. ಇದನ್ನು ಮರೆತು ಓದಿದರೆ ಇಲಿಯ ಯಕೃತ್ತಿನ ಫಲಿತಾಂಶವನ್ನು ಮನುಷ್ಯರ ಕಾಯಿಲೆಯ ಚಿಕಿತ್ಸೆಯೆಂದು ತಪ್ಪಾಗಿ ತಿಳಿಯುವ ಅಪಾಯವಿದೆ.

ಪದ್ಧತಿಯ ಹಿನ್ನೆಲೆ

ಈ ವೈದ್ಯಪದ್ಧತಿ ದೇಹದ ವ್ಯಾಪಾರವನ್ನು ಖೀ, ಶರ್, ಬದ್ಗನ್ ಎಂಬ ಮೂರು ತತ್ತ್ವಗಳಿಂದ ವಿವರಿಸುತ್ತದೆ. ಆಯುರ್ವೇದ ಓದಿದವರಿಗೆ ಇವು ವಾತ, ಪಿತ್ತ, ಕಫಗಳ ಸಂಬಂಧಿಗಳೆಂದು ಕೂಡಲೇ ತಿಳಿಯುತ್ತದೆ, ಮತ್ತು ಈ ಹೋಲಿಕೆ ಆಕಸ್ಮಿಕವಲ್ಲ. ವಾಗ್ಭಟನ ‘ಅಷ್ಟಾಂಗಹೃದಯ’ ಹನ್ನೊಂದನೆಯ ಶತಮಾನದಲ್ಲಿ ಟಿಬೆಟಿನ ಭಾಷೆಗೆ ಹೋಯಿತು. ಟಿಬೆಟ್‌ನ ಮೂಲ ವೈದ್ಯಗ್ರಂಥವಾದ ‘ಗ್ಯುಶಿ’, ಅಂದರೆ ನಾಲ್ಕು ತಂತ್ರಗಳು, ಅದರಿಂದ ಬಹಳಷ್ಟನ್ನು ಪಡೆಯಿತು. ಮಂಗೋಲರ ದೊರೆ ಅಲ್ತಾನ್ ಖಾನ್ 1578ರಲ್ಲಿ ಟಿಬೆಟಿನ ಧರ್ಮಗುರು, ಮೂರನೆಯ ದಲೈ ಲಾಮಾ ಸೋನಮ್ ಗ್ಯಾತ್ಸೊ ಅವರನ್ನು ಭೇಟಿಯಾದ ಬಳಿಕ ಬೌದ್ಧಧರ್ಮ ಮಂಗೋಲರಲ್ಲಿ ಬಲವಾಗಿ ನೆಲೆಯೂರಿದಾಗ ಗ್ಯುಶಿಯೂ ಅದರೊಡನೆ ಬಂದು, ಮಾನ್ಬಾ ದತ್ಸಾನ್ ಎಂಬ ವೈದ್ಯ ಮಠಗಳಲ್ಲಿ ಪಾಠವಾಯಿತು. ಹಾಗೆಂದು ಮಂಗೋಲರ ವೈದ್ಯವನ್ನು ಕೇವಲ ಎರವಲು ಎನ್ನುವುದು ಸರಿಯಲ್ಲ. ಮೂಳೆ ಕೂಡಿಸುವ ಬರಿಯಾಚ್‌ಗಳ ಕೈಚಳಕ, ಖನಿಜ ಬುಗ್ಗೆಗಳ ಸ್ನಾನ, ಕುದುರೆ ಹಾಲನ್ನು ಹುದುಗಿಸಿದ ಐರಾಗ್ ಇವೆಲ್ಲ ಹುಲ್ಲುಗಾವಲಿನ ಅಲೆಮಾರಿ ಬದುಕಿನಿಂದಲೇ ಹುಟ್ಟಿದವು. ಬೆಣ್ಣೆಯಲ್ಲಿ ಬಿಸಿಮಾಡಿದ ಬೀಜಗಳನ್ನು ಬಟ್ಟೆಯಲ್ಲಿ ಕಟ್ಟಿ ಮೈಗೆ ಶಾಖ ಕೊಡುವ ಕ್ರಮವನ್ನು ಟಿಬೆಟಿನವರೇ ಮಂಗೋಲರ ಹೆಸರಿನಿಂದ ಕರೆದಿದ್ದಾರೆ.

ಸಂಶೋಧನೆಯ ಸ್ಥಿತಿಯನ್ನು ಅರಿಯಲು ಇಪ್ಪತ್ತನೆಯ ಶತಮಾನದ ಇತಿಹಾಸವೂ ಬೇಕು. ಕಮ್ಯುನಿಸ್ಟ್ ಆಡಳಿತ 1937ರಿಂದ 1939ರವರೆಗೆ ನಡೆಸಿದ ದಮನದಲ್ಲಿ ಮಂಗೋಲಿಯಾದ ಬಹುತೇಕ ಎಲ್ಲ ಮಠಗಳು ನಾಶವಾದವು, ಸಾವಿರಾರು ಲಾಮಾಗಳು ಕೊಲೆಯಾದರು, ಅವರೊಡನೆ ಗುರುಶಿಷ್ಯ ಪರಂಪರೆಯಲ್ಲಿ ಬಂದ ವೈದ್ಯಜ್ಞಾನವೂ ಬಹುಪಾಲು ಕಡಿದುಹೋಯಿತು. 1990ರ ರಾಜಕೀಯ ಬದಲಾವಣೆಯ ನಂತರ ಅದು ಮತ್ತೆ ಬಹಿರಂಗವಾಗಿ ತಲೆಯೆತ್ತಿತು, 1999ರಲ್ಲಿ ಸಂಸತ್ತು ಸಾಂಪ್ರದಾಯಿಕ ವೈದ್ಯದ ಅಭಿವೃದ್ಧಿಗಾಗಿ ಒಂದು ರಾಷ್ಟ್ರೀಯ ನೀತಿಯನ್ನು ಅಂಗೀಕರಿಸಿತು. ಚೀನಾದ ಒಳಮಂಗೋಲಿಯಾದಲ್ಲಿ ಕಥೆ ಬೇರೆಯಾಗಿ ಸಾಗಿತು. ಅಲ್ಲಿನ ಹೋಹ್ಹೋಟ್ ಮತ್ತು ತೊಂಗ್ಲಿಯಾವ್ ನಗರಗಳ ವಿಶ್ವವಿದ್ಯಾಲಯಗಳಲ್ಲಿ ಈ ವೈದ್ಯ ಪದವಿ ಶಿಕ್ಷಣದ ವಿಷಯವಾಗಿ ಬೆಳೆದಿದೆ. ಇಂದು ಪ್ರಕಟವಾಗುವ ಪ್ರಯೋಗಾಲಯದ ಬರಹಗಳಲ್ಲಿ ದೊಡ್ಡ ಪಾಲು ಅಲ್ಲಿಂದ ಬರುತ್ತದೆ. ರಷ್ಯಾದಲ್ಲಿರುವ ಬುರ್ಯಾತರೆಂಬ ಮಂಗೋಲ್ ಜನರು ಇದೇ ಪರಂಪರೆಯ ಮೂರನೆಯ ಕವಲು, ಅವರ ವಿಷಯಕ್ಕೆ ಕೆಳಗೆ ಬರುತ್ತೇನೆ.

ವಿಷದ ಬೇರು ಮತ್ತು ಅಳಲೆಕಾಯಿ

ಇಡೀ ಕ್ಷೇತ್ರದಲ್ಲಿ ನನ್ನ ದೃಷ್ಟಿಗೆ ಅತ್ಯಂತ ಬೋಧಪ್ರದವಾದ ಉದಾಹರಣೆ ಇದು, ಆದ್ದರಿಂದ ಇದನ್ನು ತುಸು ವಿಸ್ತಾರವಾಗಿಯೇ ನೋಡೋಣ. ನಮ್ಮ ವತ್ಸನಾಭದ ಕುಲಕ್ಕೇ ಸೇರಿದ ಅಕೊನೈಟಮ್ ಕುಸ್ನೆಜೊಫೈ ಎಂಬ ಗಿಡವನ್ನು ಮಂಗೋಲ್ ವೈದ್ಯರು ನೋವು, ಊತ ಮತ್ತು ಸೋಂಕಿನ ಜ್ವರಗಳಿಗೆ ಬಳಸುತ್ತಾರೆ. ‘ಗರಿದಿ-5’ ಎಂಬ ಪ್ರಸಿದ್ಧ ಯೋಗದಲ್ಲಿ, ಅಂದರೆ ಔಷಧ ಮಿಶ್ರಣದಲ್ಲಿ, ಇದರ ಜೊತೆಗೆ ಅಳಲೆಕಾಯಿ, ಕೋಷ್ಠ, ಬಜೆ ಕುಲದ ಬೇರು ಮತ್ತು ಕಸ್ತೂರಿ ಇರುತ್ತವೆ. ಅಳಲೆಕಾಯಿ ಬೆಳೆಯುವುದು ಭಾರತ ಮತ್ತು ಅದರ ನೆರೆಯ ಬೆಚ್ಚನೆಯ ನಾಡುಗಳಲ್ಲಿ, ಮಂಗೋಲಿಯಾದ ಚಳಿಯಲ್ಲಿ ಅದು ಬದುಕುವುದಿಲ್ಲ. ಆದರೂ ದೂರದ ವ್ಯಾಪಾರದಿಂದ ಅದನ್ನು ತರಿಸಿಕೊಂಡು ಅಲ್ಲಿನವರು ತಮ್ಮ ಔಷಧಗಳಲ್ಲಿ ಮುಖ್ಯ ಸ್ಥಾನ ಕೊಟ್ಟಿದ್ದಾರೆ.

ಈ ಬೇರಿನ ವಿಷ ಅಕೊನಿಟಿನ್ ಮತ್ತು ಅದರ ಸಮೀಪದ ಆಲ್ಕಲಾಯ್ಡ್‌ಗಳಲ್ಲಿ, ಅಂದರೆ ಗಿಡಗಳಲ್ಲಿ ಸಿಗುವ ಕ್ಷಾರಗುಣದ ಸಂಯುಕ್ತಗಳಲ್ಲಿ, ಇದೆ. ನರ ಮತ್ತು ಹೃದಯದ ಜೀವಕೋಶಗಳ ಪೊರೆಯಲ್ಲಿ ಸೋಡಿಯಂ ಅಯಾನುಗಳು ಒಳಗೆ ಹೋಗುವ ದ್ವಾರಗಳಿರುತ್ತವೆ. ಅವು ಕ್ಷಣಮಾತ್ರ ತೆರೆದು ಮುಚ್ಚಿಕೊಳ್ಳಬೇಕು. ಅಕೊನಿಟಿನ್ ಅವಕ್ಕೆ ಅಂಟಿಕೊಂಡು ಮುಚ್ಚದಂತೆ ತಡೆಯುತ್ತದೆ. ಮೊದಲು ಬಾಯಿ ಜೋಮು ಹಿಡಿಯುತ್ತದೆ, ಅನಂತರ ಹೃದಯದ ಬಡಿತ ಲಯ ತಪ್ಪುತ್ತದೆ. ಶುದ್ಧ ಅಕೊನಿಟಿನ್ ಕೆಲವೇ ಮಿಲಿಗ್ರಾಂನಷ್ಟು ಒಳಹೋದರೂ ಮನುಷ್ಯ ಸಾಯಬಹುದು. ನೋವು ಶಮನವಾಗುವುದೂ ಇದೇ ದ್ವಾರಗಳ ಮೇಲಿನ ಪರಿಣಾಮದಿಂದ ಎಂಬುದನ್ನು ಗಮನಿಸಬೇಕು. ವಿಷವೂ ಔಷಧಿಯೂ ಇಲ್ಲಿ ಒಂದೇ ಅಣುವಿನಲ್ಲಿವೆ, ಅವುಗಳ ನಡುವಿನ ಪ್ರಮಾಣದ ಅಂತರ ಬಹಳ ಕಿರಿದು.

ಮಂಗೋಲ್ ವೈದ್ಯರು ಬೇರನ್ನು ಅಳಲೆಕಾಯಿಯ ಕಷಾಯದಲ್ಲಿ ನೆನೆಹಾಕಿ ಶೋಧನೆ ಮಾಡುತ್ತಾರೆ, ಅಂದರೆ ಅದರ ವಿಷವನ್ನು ತಗ್ಗಿಸುತ್ತಾರೆ. ಆಯುರ್ವೇದದಲ್ಲಿ ವತ್ಸನಾಭವನ್ನು ಗೋಮೂತ್ರದಲ್ಲಿ ಅಥವಾ ಹಾಲಿನಲ್ಲಿ ಶೋಧಿಸುತ್ತಾರೆ, ಚೀನೀ ಪದ್ಧತಿಯಲ್ಲಿ ನೀರಿನಲ್ಲಿ ನೆನೆಸಿ ಬಹಳ ಹೊತ್ತು ಬೇಯಿಸುತ್ತಾರೆ. ಬೇಯಿಸುವುದರಿಂದ ಏನಾಗುತ್ತದೆಂದು ರಸಾಯನಶಾಸ್ತ್ರ ಸ್ಪಷ್ಟವಾಗಿ ಹೇಳಿದೆ. ಅಕೊನಿಟಿನ್ ಅಣುವಿನಲ್ಲಿರುವ ಎರಡು ಎಸ್ಟರ್ ಬಂಧಗಳು ಬಿಸಿನೀರಿನಲ್ಲಿ ಒಂದೊಂದಾಗಿ ಮುರಿಯುತ್ತವೆ, ಮೊದಲು ಬೆಂಜಾಯ್ಲಕೊನಿನ್, ಕೊನೆಗೆ ಅಕೊನಿನ್ ಉಂಟಾಗುತ್ತದೆ, ಪ್ರತಿ ಹಂತದಲ್ಲೂ ವಿಷತ್ವ ಬಹಳವಾಗಿ ಇಳಿಯುತ್ತದೆ. ಅಳಲೆಕಾಯಿಯ ಕಷಾಯದಲ್ಲಿ ಕುದಿಸುವ ಶಾಖವಿಲ್ಲದಿದ್ದರೂ ವಿಷ ಕಡಿಮೆಯಾಗುವುದು ಹೇಗೆ ಎಂಬುದೇ ಸಂಶೋಧಕರ ಪ್ರಶ್ನೆಯಾಯಿತು. ಕಷಾಯ ಆಮ್ಲೀಯವಾದ್ದರಿಂದ ಆಲ್ಕಲಾಯ್ಡ್‌ಗಳು ಲವಣಗಳಾಗಿ ಕರಗಿ ಬೇರಿನಿಂದ ಹೊರಗೆ ಬರುತ್ತವೆ ಎಂಬುದು ಒಂದು ವಿವರಣೆ. ಅಳಲೆಯಲ್ಲಿ ಹೇರಳವಾಗಿರುವ, ಒಗರು ರುಚಿ ಕೊಡುವ ಟ್ಯಾನಿನ್‌ಗಳು ಆಲ್ಕಲಾಯ್ಡ್‌ಗಳೊಡನೆ ಕೂಡಿ ಸುಲಭವಾಗಿ ಕರಗದ ಸಂಯುಕ್ತಗಳನ್ನು ಮಾಡುತ್ತವೆ, ಆದ್ದರಿಂದ ಅವು ರಕ್ತಕ್ಕೆ ನಿಧಾನವಾಗಿ ಸೇರುತ್ತವೆ ಎಂಬುದು ಇನ್ನೊಂದು. ಅಳಲೆಯ ಅಂಶಗಳು ಹೃದಯದ ಜೀವಕೋಶಗಳನ್ನೇ ಕಾಪಾಡುತ್ತವೆಯೇ ಎಂದು ನೋಡುವ ಪ್ರಯೋಗಗಳೂ ನಡೆದಿವೆ.

ಇದರಿಂದ ನಾವು ಕಲಿಯಬೇಕಾದದ್ದು ಎರಡು. ಬೇರು ಮತ್ತು ಕಾಯಿ ಒಂದೇ ಯೋಗದಲ್ಲಿ ಏಕಿವೆ ಎಂಬುದಕ್ಕೆ ಅಳೆದು ನೋಡಬಹುದಾದ ಕಾರಣ ಸಿಕ್ಕಿದೆ, ಇದು ಆ ವೈದ್ಯರ ಅನುಭವಜ್ಞಾನಕ್ಕೆ ಸಂದ ನಿಜವಾದ ಗೌರವ. ಆದರೆ ವಿಷ ತಗ್ಗಿತು ಎಂದು ತೋರಿಸಿದ ಮಾತ್ರಕ್ಕೆ ಕೀಲುನೋವು ಗುಣವಾಯಿತು ಎಂದು ತೋರಿಸಿದಂತಾಗುವುದಿಲ್ಲ. ಶೋಧನೆ ಅರ್ಧಂಬರ್ಧವಾದರೆ ಸಾವು ಸಂಭವಿಸುವುದರಿಂದ, ಪ್ರತಿ ಬಾರಿ ತಯಾರಿಸಿದ ಔಷಧದಲ್ಲಿ ಉಳಿದಿರುವ ಆಲ್ಕಲಾಯ್ಡ್‌ನ ಪ್ರಮಾಣವನ್ನು ಯಂತ್ರದಿಂದ ಅಳೆಯುವುದು ಅನಿವಾರ್ಯ. ನಾಲಿಗೆಯ ಮೇಲಿಟ್ಟು ಜೋಮು ನೋಡುವ ಹಳೆಯ ಪರೀಕ್ಷೆ ಜಾಣತನದ್ದೇ ಆದರೂ ಸಾಲದು.

ಯಕೃತ್ತಿನ ಗಿಡಗಳು

ವಿಯೆನ್ನಾ ವಿಶ್ವವಿದ್ಯಾಲಯದ ಸಂಶೋಧಕರು ಮಂಗೋಲಿಯಾದ ವಿಜ್ಞಾನಿಗಳೊಡನೆ ಸೇರಿ, ಅಲ್ಲಿ ಯಕೃತ್ತಿನ ತೊಂದರೆಗಳಿಗೆ ಬಳಸುವ ಸಾಸ್ಸೂರಿಯಾ ಅಮಾರಾ ಮತ್ತು ಡಯಾಂಥಸ್ ವರ್ಸಿಕಲರ್ ಎಂಬ ಗಿಡಗಳನ್ನು ಅಭ್ಯಾಸ ಮಾಡಿದರು. ದೇಹದಿಂದ ಹೊರತೆಗೆದು ದ್ರವ ಹರಿಸಿ ಜೀವಂತವಾಗಿಟ್ಟ ಇಲಿಯ ಯಕೃತ್ತಿನಲ್ಲಿ ಸಾಸ್ಸೂರಿಯಾದ ಸಾರ ಪಿತ್ತರಸದ ಸ್ರಾವವನ್ನು ಹೆಚ್ಚಿಸಿತು. ಇದು ಎರಡನೆಯ ಬಗೆಯ ಸಾಕ್ಷ್ಯ. ಡಯಾಂಥಸ್‌ನ ಅಧ್ಯಯನದಲ್ಲಿ ತಿಳಿದ ಇನ್ನೊಂದು ಸಂಗತಿ ನನಗೆ ಅಷ್ಟೇ ಮುಖ್ಯವಾಗಿ ತೋರುತ್ತದೆ: ಗಿಡ ಎಲ್ಲಿಯದು, ಯಾವಾಗ ಕಿತ್ತದ್ದು ಎಂಬುದರ ಮೇಲೆ ಅದರಲ್ಲಿರುವ ಫ್ಲೇವನಾಯ್ಡ್‌ಗಳೆಂಬ ಸಸ್ಯ ರಾಸಾಯನಿಕಗಳ ಪ್ರಮಾಣ ಬದಲಾಗುತ್ತದೆ. ಹಾಗಾದರೆ ಎರಡು ಆಸ್ಪತ್ರೆಗಳು ಒಂದೇ ಹೆಸರಿನ ಚೂರ್ಣವನ್ನು ಕೊಟ್ಟಾಗ ಒಂದೇ ಔಷಧವನ್ನು ಕೊಟ್ಟವೆಂದು ನಂಬಲು ಆಧಾರವಿಲ್ಲ.

ರೋಗಿಗಳ ಮೇಲಿನ ಪ್ರಯೋಗ: ಪದ್ಮಾ 28

ಮೂರನೆಯ ಬಗೆಯ ಸಾಕ್ಷ್ಯಕ್ಕೆ ಉತ್ತಮ ಉದಾಹರಣೆ ಬುರ್ಯಾತರ ಕವಲಿನಿಂದ ಬಂದಿದೆ. ಬದ್ಮಾಯೆವ್ ಎಂಬ ಬುರ್ಯಾತ್ ವೈದ್ಯ ಮನೆತನ ಹತ್ತೊಂಬತ್ತನೆಯ ಶತಮಾನದಲ್ಲಿ ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿ ನೆಲೆಸಿತು. ಆ ಮನೆತನದ ಪ್ಯೋತರ್ ಬದ್ಮಾಯೆವ್ 1898ರಲ್ಲಿ ಗ್ಯುಶಿಯ ಭಾಗವನ್ನು ರಷ್ಯನ್ ಭಾಷೆಯಲ್ಲಿ ಹೊರತಂದರು. ಮನೆತನದ ಒಂದು ಶಾಖೆ ಪೋಲೆಂಡಿಗೆ ಹೋಯಿತು, ಅವರಲ್ಲಿದ್ದ ಸೂತ್ರಗಳು ಸ್ವಿಟ್ಜರ್ಲೆಂಡ್ ತಲುಪಿದವು. 1969ರಲ್ಲಿ ಅಲ್ಲಿ ಸ್ಥಾಪನೆಯಾದ ಪದ್ಮಾ ಸಂಸ್ಥೆ ಕರ್ಪೂರ ಸೇರಿದ ಒಂದು ಹಳೆಯ ಯೋಗವನ್ನು ‘ಪದ್ಮಾ 28’ ಎಂಬ ಮಾತ್ರೆಯಾಗಿ ತಯಾರಿಸಿತು. ಅದರಲ್ಲಿ ಅಳಲೆ, ಬೇವು, ಬಿಲ್ವ, ಏಲಕ್ಕಿ, ಲವಂಗ, ರಕ್ತಚಂದನಗಳಿವೆ. ಅವುಗಳ ಸಾಲಿನಲ್ಲೇ ಉತ್ತರದ ಚಳಿನಾಡಿನ ಒಂದು ಕಲ್ಲುಹೂವೂ ಇದೆ.

ಕಾಲಿನ ರಕ್ತನಾಳಗಳು ಕಿರಿದಾಗಿ, ಸ್ವಲ್ಪ ನಡೆದರೆ ಮೀನಖಂಡ ನೋಯುವ ರೋಗದ ಮೇಲೆ ಇದನ್ನು ಪರೀಕ್ಷಿಸಲಾಯಿತು. ಈ ಆಯ್ಕೆ ವಿವೇಕದ್ದು, ಏಕೆಂದರೆ ರೋಗಿ ಎಷ್ಟು ಮೀಟರ್ ನಡೆದ ಎಂಬುದನ್ನು ಅಳೆಯಬಹುದು. ಡೆನ್ಮಾರ್ಕ್‌ನಲ್ಲಿ 1993ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ 36 ರೋಗಿಗಳಿದ್ದರು. ಯಾರಿಗೆ ನಿಜವಾದ ಮಾತ್ರೆ, ಯಾರಿಗೆ ಪ್ಲಸೀಬೊ, ಅಂದರೆ ಔಷಧವಿಲ್ಲದ ಹುಸಿ ಮಾತ್ರೆ, ಎಂಬುದು ರೋಗಿಗಾಗಲಿ ವೈದ್ಯರಿಗಾಗಲಿ ಗೊತ್ತಿರಲಿಲ್ಲ. ನಾಲ್ಕು ತಿಂಗಳ ಬಳಿಕ ನಿಜವಾದ ಮಾತ್ರೆ ತೆಗೆದುಕೊಂಡವರ ಗರಿಷ್ಠ ನಡಿಗೆಯ ದೂರ 115 ಮೀಟರ್‌ನಿಂದ 227 ಮೀಟರ್‌ಗೆ ಏರಿತು, ಪ್ಲಸೀಬೊ ಗುಂಪಿನಲ್ಲಿ ಹೇಳುವಂಥ ಬದಲಾವಣೆ ಆಗಲಿಲ್ಲ. ಮುಂದೆ, ವೈದ್ಯಕೀಯ ಪ್ರಯೋಗಗಳನ್ನು ಒಟ್ಟುಗೂಡಿಸಿ ವಿಮರ್ಶಿಸುವ ಕಾಕ್ರೇನ್ ಸಂಸ್ಥೆಯ ವಿಮರ್ಶಕರು ಇಂಥ ಐದು ಪ್ರಯೋಗಗಳನ್ನು, ಒಟ್ಟು 365 ರೋಗಿಗಳನ್ನು, ಒಟ್ಟಿಗೆ ಪರಿಶೀಲಿಸಿದರು. ನಡಿಗೆಯ ದೂರ ಅಲ್ಪಾವಧಿಯಲ್ಲಿ ಹೆಚ್ಚುತ್ತದೆಂಬುದಕ್ಕೆ ಸ್ವಲ್ಪ ಆಧಾರ ಕಂಡಿತು, ಆದರೆ ಆ ಹೆಚ್ಚಳ ರೋಗಿಯ ಬದುಕಿನಲ್ಲಿ ಎಷ್ಟು ಮುಖ್ಯ ಎಂದಾಗಲಿ, ದೀರ್ಘಕಾಲ ಉಳಿಯುತ್ತದೆ ಎಂದಾಗಲಿ ಹೇಳಲು ಸಾಕ್ಷ್ಯ ಸಾಲದೆಂದು ಅವರು ತೀರ್ಮಾನಿಸಿದರು. ಈ ತೀರ್ಮಾನವನ್ನು ಸೋಲೆಂದು ಓದಬಾರದು. ಪರಂಪರೆಯ ಒಂದು ಯೋಗ ಕಠಿಣ ಪರೀಕ್ಷೆಗೆ ನಿಂತು, ಸಾಧಾರಣವಾದರೂ ಅಳೆಯಬಲ್ಲ ಫಲ ತೋರಿಸಿದೆ.

ಉಳಿದಿರುವ ಕಷ್ಟ

ಪದ್ಮಾ 28 ಎಲ್ಲರಿಗೂ ಒಂದೇ ಮಾತ್ರೆ. ಆದರೆ ಮಂಗೋಲ್ ವೈದ್ಯರು ನಾಡಿ ಮತ್ತು ಮೂತ್ರವನ್ನು ನೋಡಿ ಒಂದೇ ಕಾಯಿಲೆಯ ಇಬ್ಬರಿಗೆ ಬೇರೆಬೇರೆ ಯೋಗಗಳನ್ನು, ಒಬ್ಬರಿಗೇ ಬೆಳಿಗ್ಗೆ, ಮಧ್ಯಾಹ್ನ, ಸಂಜೆ ಬೇರೆಬೇರೆ ಚೂರ್ಣಗಳನ್ನು ಕೊಡುವುದುಂಟು. ಒಂದೇ ಔಷಧವನ್ನು ಎಲ್ಲರಿಗೂ ಹಂಚುವ ಪ್ರಯೋಗ ಅವರ ಪದ್ಧತಿಯನ್ನು ಪೂರ್ಣವಾಗಿ ಪರೀಕ್ಷಿಸಿದಂತಾಗುವುದಿಲ್ಲ. ತೊಂಗ್ಲಿಯಾವ್‌ನಲ್ಲಿ ಅಧ್ಯಯನವಾಗುತ್ತಿರುವ ಬೆಚ್ಚನೆಯ ಬೆಳ್ಳಿಸೂಜಿಯ ಚಿಕಿತ್ಸೆಗೆ ಇನ್ನೊಂದು ಕಷ್ಟವಿದೆ. ನಿದ್ರೆ ಕೆಡಿಸಿದ ಇಲಿಗಳ ಮೇಲೆ ಅದರ ಪ್ರಯೋಗಗಳು ನಡೆದಿವೆ, ಆದರೆ ಮನುಷ್ಯರಿಗೆ ಚುಚ್ಚುವಾಗ ಬಿಸಿ ತಾಗಿತೋ ಇಲ್ಲವೋ ಎಂದು ಅವರಿಗೇ ತಿಳಿಯುವುದರಿಂದ ಪ್ಲಸೀಬೊ ರೂಪಿಸುವುದು ಕಠಿಣ.

ಇದಕ್ಕೆ ಒಂದು ದಾರಿ ಇದೆ. ರೋಗಿಗಳನ್ನು ಚೀಟಿ ಎತ್ತಿದ ಹಾಗೆ ಎರಡು ಗುಂಪು ಮಾಡಿ, ಒಂದು ಗುಂಪನ್ನು ಸಾಂಪ್ರದಾಯಿಕ ವೈದ್ಯರಿಗೆ ಒಪ್ಪಿಸಿ ಅವರಿಗೆ ಸರಿತೋರಿದ ಚಿಕಿತ್ಸೆ ಮಾಡಲು ಬಿಡಬೇಕು, ಇನ್ನೊಂದು ಗುಂಪಿಗೆ ಸಾಮಾನ್ಯ ಆಸ್ಪತ್ರೆಯ ಚಿಕಿತ್ಸೆ ಕೊಡಬೇಕು, ಕೊನೆಯಲ್ಲಿ ಫಲಿತಾಂಶ ಅಳೆಯುವವರಿಗೆ ಯಾರು ಯಾವ ಗುಂಪಿನವರೆಂದು ತಿಳಿಸಬಾರದು. ಇಲ್ಲಿ ಯಾವ ಮೂಲಿಕೆ ಕೆಲಸ ಮಾಡಿತೆಂದು ಗೊತ್ತಾಗುವುದಿಲ್ಲ, ಆದರೆ ಆ ವೈದ್ಯರ ಬಳಿ ಹೋದ ರೋಗಿಗೆ ಒಳ್ಳೆಯದಾಯಿತೇ ಎಂಬ ಪ್ರಶ್ನೆಗೆ ಉತ್ತರ ಸಿಗುತ್ತದೆ. ಯಾವುದೇ ಹೊಸ ಪ್ರಬಂಧವನ್ನು ಓದಲು ಕುಳಿತಾಗ ಹೋಲಿಕೆಯ ಗುಂಪು ಇತ್ತೇ, ಅಳೆದವರಿಗೆ ಗುಂಪು ಗೊತ್ತಿತ್ತೇ, ಬಳಸಿದ ಗಿಡದ ಗುರುತು ಮತ್ತು ಕೊಯ್ಲಿನ ಕಾಲ ದಾಖಲಾಗಿದೆಯೇ ಎಂಬುದನ್ನು ಸಾರಾಂಶಕ್ಕಿಂತ ಮೊದಲು ವಿಧಾನದ ಭಾಗದಲ್ಲಿ ಹುಡುಕಿ ನೋಡಿ.