ಮನಸ್ಸಿನ ‘ಕೇರ್’, ಕೈಯ ‘ಕೇರ್’

ನನ್ನ ಇಂಗ್ಲಿಷ್ ತರಗತಿಗೆ ಬರುವ ದಾದಿಯೊಬ್ಬರು ಕೆಲಸದ ಅರ್ಜಿಗೆಂದು ಬರೆದ ಪತ್ರವನ್ನು ತಿದ್ದಲು ಕೊಟ್ಟರು. ಅದರ ಎರಡನೆಯ ಸಾಲು ಹೀಗಿತ್ತು: ‘ಐ ಕೇರ್ ಅಬೌಟ್ ಹಾರ್ಟ್ ಪೇಷೆಂಟ್ಸ್ ಇನ್ ದ ನೈಟ್ ಶಿಫ್ಟ್.’ ರಾತ್ರಿಪಾಳಿಯಲ್ಲಿ ಹೃದ್ರೋಗಿಗಳ ಆರೈಕೆ ಮಾಡುತ್ತೇನೆ ಎಂದು ಹೇಳುವುದು ಅವರ ಉದ್ದೇಶ. ಆ ಸಾಲು ಹೇಳುತ್ತಿದ್ದುದು ಮಾತ್ರ, ರೋಗಿಗಳ ಬಗ್ಗೆ ನನಗೆ ಕಳಕಳಿಯಿದೆ ಎಂದಷ್ಟೇ. ಮಾತ್ರೆ ಕೊಟ್ಟು, ಮಗ್ಗುಲು ಬದಲಿಸಿ, ನಾಡಿ ನೋಡಿ ಕಳೆದ ರಾತ್ರಿಗಳೆಲ್ಲ ಒಂದು ಪುಟ್ಟ ಪದದಿಂದಾಗಿ ಬರೀ ಭಾವನೆಯಾಗಿಬಿಟ್ಟಿದ್ದವು.

‘ಕೇರ್ ಅಬೌಟ್’ ಮನಸ್ಸಿನೊಳಗಿನ ಮಾತು. ಯಾವುದು ನಮಗೆ ಮುಖ್ಯ, ಯಾವುದಕ್ಕಾಗಿ ಜೀವ ಮಿಡಿಯುತ್ತದೆ ಎಂಬುದನ್ನು ಅದು ಹೇಳುತ್ತದೆ. ಹಳೆಯ ಇಂಗ್ಲಿಷಿನಲ್ಲಿ ‘ಕೇರ್’ ಪದಕ್ಕೆ ದುಃಖ, ಚಿಂತೆ ಎಂಬ ಅರ್ಥಗಳಿದ್ದವು. ಮರಾಠಿಯಿಂದ ಬಂದ ನಮ್ಮ ‘ಕಾಳಜಿ’ಯಲ್ಲೂ ಚಿಂತೆಯ ಎಳೆಯೊಂದಿದೆ. ‘ಕೇರ್ ಫಾರ್’ ಎಂದಾಗ ಕೈಗಳು ಕೆಲಸಕ್ಕಿಳಿಯುತ್ತವೆ: ಉಪಚಾರ, ಶುಶ್ರೂಷೆ, ಆರೈಕೆ.

ಇಷ್ಟರಲ್ಲೇ ಮುಗಿದಿದ್ದರೆ ಕಲಿಸುವುದು ಸುಲಭವಿತ್ತು. ‘ಫಾರ್’ಗೆ ಇನ್ನೊಂದು ಮುಖವಿದೆ, ಇಷ್ಟಪಡುವುದು. ಈ ಅರ್ಥ ಹೆಚ್ಚಾಗಿ ಕಾಣಿಸಿಕೊಳ್ಳುವುದು ‘ಇಲ್ಲ’ ಎನ್ನುವ ವಾಕ್ಯದಲ್ಲಿ ಮತ್ತು ವಿನಯದ ಪ್ರಶ್ನೆಯಲ್ಲಿ. ‘ವುಡ್ ಯು ಕೇರ್ ಫಾರ್ ಸಮ್ ಟೀ?’ ಎಂದರೆ ಚಹಾ ತೆಗೆದುಕೊಳ್ಳುತ್ತೀರಾ ಎಂಬ ಉಪಚಾರದ ಮಾತು. ‘ಐ ಡೋಂಟ್ ಕೇರ್ ಅಬೌಟ್ ಹಿಮ್’ ಎಂದರೆ ಅವನು ಏನಾದರೂ ಆಗಲಿ, ನನಗೇನೂ ಅನ್ನಿಸುವುದಿಲ್ಲ ಎಂದು. ‘ಐ ಡೋಂಟ್ ಕೇರ್ ಫಾರ್ ಹಿಮ್’ ಎಂದರೆ ಅವನು ನನಗೆ ಹಿಡಿಸುವುದಿಲ್ಲ ಎಂದು. ಮೊದಲನೆಯದು ಉದಾಸೀನ, ಎರಡನೆಯದು ಅಪ್ರೀತಿ. ಅನುವಾದದಲ್ಲಿ ಇವೆರಡನ್ನೂ ‘ಕ್ಯಾರೇ ಎನ್ನುವುದಿಲ್ಲ’ ಎಂದು ಒಂದೇ ಅಚ್ಚಿಗೆ ಹಾಕುವುದನ್ನು ಕಂಡಾಗ ನನಗೆ ನಿಜಕ್ಕೂ ಸಂಕಟವಾಗುತ್ತದೆ.

‘ಟೇಕ್ ಕೇರ್ ಆಫ್’ ಬಳಕೆಗೆ ಕನ್ನಡದಲ್ಲಿ ಸೊಗಸಾದ ಜೋಡಿಯಿದೆ: ನೋಡಿಕೊಳ್ಳು. ಮಗುವನ್ನು ನೋಡಿಕೊಳ್ಳಬಹುದು, ಲೆಕ್ಕಪತ್ರವನ್ನೂ ನೋಡಿಕೊಳ್ಳಬಹುದು. ಹಲ್ಲು ಕಡಿದು ‘ಅವನನ್ನು ನಾನು ನೋಡಿಕೊಳ್ಳುತ್ತೇನೆ’ ಎಂದರೆ ಅದು ಬೆದರಿಕೆ. ಇಂಗ್ಲಿಷಿನಲ್ಲೂ ಅದೇ ಮಾತು ಅದೇ ದನಿಯಲ್ಲಿ ಬೆದರಿಕೆಯಾಗುತ್ತದೆ. ಇಷ್ಟು ಹೊಂದಿಕೊಂಡ ಪದವೇ ನಮ್ಮವರನ್ನು ಎಡವಿಸುತ್ತದೆ. ‘ಆರೋಗ್ಯವನ್ನು ನೋಡಿಕೊಳ್ಳಿ’ ಎನ್ನುವಾಗ ಇಡೀ ಸಂಬಂಧವನ್ನು ‘ಅನ್ನು’ ಪ್ರತ್ಯಯವೇ ಹೊತ್ತಿರುತ್ತದೆ. ಅದನ್ನೇ ಇಂಗ್ಲಿಷಿಗೆ ತಿರುಗಿಸಿದಾಗ ‘ಟೇಕ್ ಕೇರ್ ಯುವರ್ ಹೆಲ್ತ್’ ಬರುತ್ತದೆ, ‘ಆಫ್’ ಕಾಣೆಯಾಗುತ್ತದೆ. ಇನ್ನು ‘ಆರೋಗ್ಯದ ಬಗ್ಗೆ ಕಾಳಜಿ ವಹಿಸಿ’ ಎಂದು ಯೋಚಿಸಿದವರು ‘ಟೇಕ್ ಕೇರ್ ಅಬೌಟ್’ ಎಂದು ಬರೆಯುತ್ತಾರೆ. ‘ಬಗ್ಗೆ’ಯನ್ನು ಕಂಡ ಕೂಡಲೇ ‘ಅಬೌಟ್’ ಹಾಕುವ ಈ ಅಭ್ಯಾಸವನ್ನು ಬಿಡಿಸಲು ನಾನು ಅತಿ ಹೆಚ್ಚು ಹೊತ್ತು ಕಳೆಯುತ್ತೇನೆ. ‘ಟೇಕ್ ಕೇರ್’ ಬಂದು, ಅದರ ಮುಂದೆ ನೋಡಿಕೊಳ್ಳಬೇಕಾದವರ ಅಥವಾ ವಸ್ತುವಿನ ಹೆಸರು ಬಂದರೆ ನಡುವೆ ‘ಆಫ್’ ಇರಲೇಬೇಕು.

‘ಕೇರ್’ ಆದಮೇಲೆ ‘ವಾಟ್’, ‘ಹೂ’, ‘ಇಫ್’ ಮುಂತಾದವುಗಳಿಂದ ಶುರುವಾಗುವ ಉಪವಾಕ್ಯ ಬಂದರೆ ‘ಅಬೌಟ್’ ಸಾಮಾನ್ಯವಾಗಿ ಬಿದ್ದುಹೋಗುತ್ತದೆ: ‘ಐ ಡೋಂಟ್ ಕೇರ್ ವಾಟ್ ದೇ ಸೇ.’ ವೈದ್ಯರ ನಿಗಾದಲ್ಲಿರುವುದಕ್ಕೆ ‘ಅಂಡರ್ ದ ಕೇರ್ ಆಫ್’ ಎನ್ನುತ್ತಾರೆ. ಇವೆರಡೂ ಓದುತ್ತ ಓದುತ್ತ ತಾವಾಗಿಯೇ ರೂಢಿಯಾಗುತ್ತವೆ.

ದಾದಿಯ ಪತ್ರದಲ್ಲಿ ‘ಅಬೌಟ್’ ಹೊಡೆದು ‘ಫಾರ್’ ಬರೆದೆ. ಆದರೆ ಕೆಳಗಿನ ಸಾಲೊಂದರಲ್ಲಿ ಅವರು ‘ಐ ಕೇರ್ ಅಬೌಟ್ ದೇರ್ ಸ್ಲೀಪ್’ ಎಂದು ಬರೆದಿದ್ದರು. ಕೇಳಿದಾಗ, ನಡುರಾತ್ರಿ ರಕ್ತದೊತ್ತಡ ನೋಡಲು ಹೋಗುವಾಗ ದೊಡ್ಡ ದೀಪ ಹಾಕದೆ ಪುಟ್ಟ ಟಾರ್ಚ್ ಹಿಡಿದು ಹೋಗುತ್ತೇನೆ ಎಂದರು. ಆ ‘ಅಬೌಟ್’ ಅನ್ನು ನಾನು ಮುಟ್ಟಲಿಲ್ಲ.