ಗಡಿ ಕಾಯುವ ಬಾಂಬು, ಗದ್ದೆಗೆ ಹೋಗುವ ಜನ

ವಿದೇಶಾಂಗ ನೀತಿಯ ಪಾಠದಲ್ಲಿ ‘ಮಾನವ ಭದ್ರತೆ’ ಅಂದ ಕೂಡಲೇ ವಿದ್ಯಾರ್ಥಿಗಳಿಗೆ ಅನುಮಾನ ಶುರುವಾಗುತ್ತದೆ. ಕೇಳೋಕೆ ಚೆನ್ನಾಗಿದೆ ಸಾರ್, ಆದರೆ ಯಾವ ದೇಶ ಪಾಲಿಸುತ್ತೆ ಎಂದು ಕೇಳುತ್ತಾರೆ. ಆಗ ನಾನು ಕೆನಡಾದ ಕಥೆ ಹೇಳುತ್ತೇನೆ.

ಈ ಮಾತು ಚಾಲ್ತಿಗೆ ಬಂದದ್ದು 1994ರ ವಿಶ್ವಸಂಸ್ಥೆಯ ಮಾನವ ಅಭಿವೃದ್ಧಿ ವರದಿಯಿಂದ. ಗಡಿ ಭದ್ರವಾಗಿದ್ದರೆ ಸಾಲದು, ಒಳಗಿರುವ ಜನ ಹಸಿವು, ರೋಗ, ಹಿಂಸೆಯ ಭಯವಿಲ್ಲದೆ ಬದುಕಬೇಕು ಎನ್ನುತ್ತದೆ ಅದು. ಕೆನಡಾದ ಆಗಿನ ವಿದೇಶಾಂಗ ಸಚಿವ ಲಾಯ್ಡ್ ಆಕ್ಸ್‌ವರ್ದಿ ಅದಕ್ಕೆ ದುಂಬಾಲು ಬಿದ್ದರು. ಮೊದಲು ಕೈಗೆತ್ತಿಕೊಂಡದ್ದು ನೆಲಬಾಂಬ್ ವಿಚಾರ.

ಅಂಗೈಯಗಲದ ವಸ್ತು ಅದು. ಕಾಲಿಟ್ಟವರು ಸೈನಿಕರೋ, ಸೌದೆಗೆ ಹೊರಟ ಹುಡುಗಿಯೋ ಅದಕ್ಕೆ ಗೊತ್ತಾಗುವುದಿಲ್ಲ. ಯುದ್ಧ ಮುಗಿದು ಮೂವತ್ತು ವರ್ಷ ಕಳೆದರೂ ಸಿಡಿಯಬಹುದು. ಇನ್ನು ತೆಗೆಯುವುದಂತೂ ಇಂಚಿಂಚು ಕೆಲಸ. ಡಿಟೆಕ್ಟರ್ ಸದ್ದು ಮಾಡಿದಲ್ಲಿ ಮಂಡಿಯೂರಬೇಕು. ಸಲಾಕೆಯನ್ನು ಓರೆಯಾಗಿ ಚುಚ್ಚುತ್ತಾ ಬಾಂಬಿನ ಪಕ್ಕವನ್ನು ಹುಡುಕಬೇಕು. ಮೇಲಿಂದ ಒತ್ತಿದರೆ ಮುಗೀತು. ಬಹಳ ಸಲ ಸಿಗುವುದು ತುಕ್ಕು ಹಿಡಿದ ಮೊಳೆ. ಆದರೂ ಪ್ರತಿ ಸಲ ಅಷ್ಟೇ ಜೋಪಾನ ಬೇಕು.

1996ರ ಅಕ್ಟೋಬರ್‌ನಲ್ಲಿ ಕೆನಡಾದ ರಾಜಧಾನಿ ಒಟ್ಟಾವಾದಲ್ಲಿ ಇದರ ಬಗ್ಗೆ ಸಭೆ ನಡೆಯಿತು. ಮುಂದಿನ ವರ್ಷ ಇಲ್ಲಿಗೇ ಬಂದು ನಿಷೇಧಕ್ಕೆ ಸಹಿ ಹಾಕಿ ಎಂದು ಆಕ್ಸ್‌ವರ್ದಿ ಹೇಳಿಯೇ ಬಿಟ್ಟರು! ಎಲ್ಲರೂ ಒಪ್ಪುವ ತನಕ ವರ್ಷಗಟ್ಟಲೆ ಕಾಯುವ ರೂಢಿಯವರು ಬೆಚ್ಚಿಬಿದ್ದರು. 1997ರ ಡಿಸೆಂಬರ್‌ನಲ್ಲಿ 122 ದೇಶಗಳು ಸಹಿ ಹಾಕಿದವು. ಅಷ್ಟರಲ್ಲಿ ಕೆನಡಾ ತನ್ನ ದಾಸ್ತಾನನ್ನು ನಾಶ ಮಾಡಿಯಾಗಿತ್ತು. ಒಪ್ಪಂದ ಜಾರಿಯ ಐದು ವರ್ಷದ ಕೆಲಸಕ್ಕೆಂದು 10 ಕೋಟಿ ಕೆನಡಾ ಡಾಲರ್ ಕೂಡ ಎತ್ತಿಟ್ಟಿತು. ಕೈಯಿಂದ ಹಣ ಬಿಚ್ಚಿದಾಗ, ಗಡುವಿಗೆ ಕಟ್ಟುಬಿದ್ದಾಗ ಮಾತ್ರ ನಾನು ಒಂದು ದೇಶದ ಮಾತನ್ನು ನಂಬುತ್ತೇನೆ. ಈ ಒಪ್ಪಂದದಲ್ಲಿ ದಾಸ್ತಾನು ನಾಶಕ್ಕೆ 4 ವರ್ಷ, ನೆಲದಲ್ಲಿರುವುದನ್ನು ತೆಗೆಯಲು 10 ವರ್ಷದ ಗಡುವಿದೆ.

ಅಮೆರಿಕ, ರಷ್ಯಾ, ಚೀನಾ, ಭಾರತ, ಪಾಕಿಸ್ತಾನ ಸಹಿ ಹಾಕಿಲ್ಲ, ನಿಜ. ಹಾಗಂತ ಅವುಗಳ ಮೇಲೆ ಪರಿಣಾಮವೇ ಇಲ್ಲ ಅನ್ನುವಂತಿಲ್ಲ. ಭಾರತ ಇವುಗಳ ರಫ್ತನ್ನು ತಾನಾಗೇ ನಿಲ್ಲಿಸಿದೆ, ಒಪ್ಪಂದದ ಸಭೆಗಳಿಗೆ ವೀಕ್ಷಕನಾಗಿ ಹೋಗುತ್ತದೆ.

ಈಗ ಗಾಳಿ ತಿರುಗಿದೆ. 2025ರಲ್ಲಿ ಎಸ್ಟೋನಿಯಾ, ಲಾಟ್ವಿಯಾ, ಲಿಥುವೇನಿಯಾ, ಫಿನ್ಲೆಂಡ್, ಪೋಲೆಂಡ್ ಹೊರಬರುವ ನೋಟಿಸ್ ಕೊಟ್ಟವು. ರಷ್ಯಾದ ಭಯ ಸುಳ್ಳಲ್ಲ, ಉಕ್ರೇನ್ ಕಣ್ಣೆದುರೇ ಇದೆ ಅಲ್ವಾ? ಆದರೂ ನನಗೆ ಸಂಕಟವಾಗುತ್ತದೆ. ಸೇನೆ ಹೂತದ್ದನ್ನು ತುಳಿಯುವವರು ಆ ದೇಶದ ರೈತರೇ. ಹೊರಹೋಗುವವರು ಕಾರಣ ಬರೆದುಕೊಡಬೇಕು, ಆರು ತಿಂಗಳು ಕಾಯಬೇಕು. ನೆಲಬಾಂಬ್ ಬಗ್ಗೆ ಬೇರೊಂದು ಅಂತರರಾಷ್ಟ್ರೀಯ ಪ್ರೋಟೋಕಾಲ್ ಇದೆ. ಅದರ ಪ್ರಕಾರ ಹೂತ ಜಾಗದ ದಾಖಲೆ, ನಕ್ಷೆ ಇಡಬೇಕು. ಭಾರತವೂ ಅದಕ್ಕೆ ಬದ್ಧ. ಇನ್ನು ಮುಂದೆ ಈ ಐದು ದೇಶಗಳ ವಿಷಯದಲ್ಲಿ ನಾನು ಮೊದಲು ಹುಡುಕುವುದು ಆ ನಕ್ಷೆಗಳನ್ನು, ಆಮೇಲೆ ಬಾಂಬ್ ತೆಗೆಯಲು ಬಜೆಟ್‌ನಲ್ಲಿ ಎಷ್ಟು ಇಟ್ಟಿದ್ದಾರೆ ಎಂಬುದನ್ನು.